ಅರ್ಥಿಂಗ್

ಅಧಿಸೂಚನೆಯಲ್ಲಿ ಕೇಳಿದ್ದು ಇಷ್ಟು:
ವಿದ್ಯುತ್ ಎಂಜಿನಿಯರಿಂಗಿನಲ್ಲಿ ಪದವಿ,
ಹೊಣೆ ಹೊತ್ತ ಕೆಲಸದಲ್ಲಿ ಮೂರು ವರುಷದ ಅನುಭವ,
ಮೊಹರು ಸಹಿತ ಪ್ರಮಾಣಪತ್ರ ಲಗತ್ತಿಸತಕ್ಕದ್ದು,
ಮತ್ತು ಬಣ್ಣ ಗುರುತಿಸುವ ಕಣ್ಣು.

ಬಾಗಲಕೋಟೆಯ ದವಾಖಾನೆಯಲ್ಲಿ
ಚುಕ್ಕಿಗಳ ನಡುವೆ ಅಡಗಿದ್ದ ಎಪ್ಪತ್ತನಾಲ್ಕನ್ನು ಓದಿ ಹೇಳಿದೆ.
ಬನಹಟ್ಟಿಯ ಹುಡುಗಿಗೆ ಬಣ್ಣ ಕೇಳುತ್ತೀರಾ ಡಾಕ್ಟರೇ,
ಗಟಾರದ ನೀರು ನೋಡಿಯೇ
ಇವತ್ತು ಯಾವ ಸೀರೆಗೆ ನೂಲು ಅದ್ದಿದಾರೆಂದು
ಹೇಳುತ್ತಿದ್ದೆವು ನಾವು,
ಅನ್ನಲಿಲ್ಲ. ಸಹಿ ಹಾಕಿಸಿಕೊಂಡು ಬಂದೆ.

ಅನುಭವ ಕೊಟ್ಟವರು ಗೂಳಪ್ಪ ಕಾಖಂಡಕಿ.
ಲೈಸೆನ್ಸ್ ಇದ್ದ ಗುತ್ತಿಗೆದಾರರು, ಹಳೇ ಎಂ-ಏಟಿಗೆ
ಏಣಿ ಕಟ್ಟಿಕೊಂಡು ಊರೂರು ತಿರುಗುವವರು.
"ಹೆಣ್ಣುಡುಗಿ ಕಂಬ ಹತ್ತತೈತೇನ್ರಿ?" ಅಂದವರಿಗೆ
"ಕಂಬಕ್ಕೇನ ಗೊತ್ತಾಗತೈತಿ, ಬಿಡ್ರಿ" ಅಂದವರು.
ಮಗ್ಗದ ಸದ್ದಿನಲ್ಲಿ ಮೂರು ವರುಷ ಕೂಗಿ ಮಾತಾಡಿದ್ದಕ್ಕೆ
ಈಗಲೂ ನಾನು ಫೋನು ಮಾಡಿದರೆ
ನನ್ನ ಗಂಡ ಮೊಬೈಲನ್ನು ಕಿವಿಯಿಂದ ಗೇಣುದ್ದ ದೂರ ಹಿಡಿಯುತ್ತಾನೆ.

ನಮ್ಮ ಕಡೆ ಅದಕ್ಕೆ 'ಅರ್ಥ' ಅಂತಲೇ ಅನ್ನುವುದು.
ಅರ್ಥ ಕೊಟ್ಟೀರೇನು? ಅರ್ಥ ಹರಿದೈತಿ ನೋಡ್ರಿ.
ದಾರಿ ತಪ್ಪಿದ ಕರೆಂಟು ಮನುಷ್ಯನ ಮೈ ಹುಡುಕುವ ಮೊದಲು
ಮಣ್ಣು ಸೇರಿಕೊಳ್ಳಲಿ ಎಂದು ಮಾಡಿಟ್ಟ ಒಂದು ಗುಂಡಿ.

ಇನ್‌ಸ್ಪೆಕ್ಟರು ಬರುವ ದಿನ, ಬೆಳಗಿನ ಐದಕ್ಕೆ,
ಆ ಗುಂಡಿಗೆ ಎರಡು ಕೊಡ ನೀರು, ಒಂದು ಬೊಗಸೆ ಹರಳುಪ್ಪು.
ನೆಲ ತೊಯ್ದರೆ ಮೀಟರಿನ ಮುಳ್ಳು
ಸಂಭಾವಿತ ಅಳಿಯನಂತೆ ತಲೆ ಬಗ್ಗಿಸುತ್ತದೆ.
ಕೊಡ ಹೊತ್ತವಳು ನಾನೇ.
ಪ್ರಮಾಣಪತ್ರದಲ್ಲಿ ಅದು ಬರಲಿಲ್ಲ.
'ನಡತೆ ತೃಪ್ತಿಕರ' ಎಂದು ಬರೆದರು ಗೂಳಪ್ಪನವರು,
ಮಸಿ ಒಣಗಿತ್ತು, ಮೊಹರಿಗೆ ಬಾಯಿಂದ ಹಾ ಎಂದು ಉಸಿರು ಊದಿ
ಮತ್ತೊಮ್ಮೆ ಒತ್ತಿದರು.

ಇವತ್ತು ಏಪ್ರಿಲ್ ಹದಿನೇಳು, ರಬಕವಿ.
ಹದಿನಾರು ಮಗ್ಗದ ಹೊಸ ಶೆಡ್ಡು.
ನಳಕ್ಕೆ ನೀರು ಬಂದು ಒಂಬತ್ತು ದಿನ.
ಇಷ್ಟು ದೊಡ್ಡ ಹಿತ್ತಲದಲ್ಲಿ, ಬೇವಿನ ನೆರಳು ಬಿಟ್ಟು,
ನಾಯಿ ಮಲಗಿದ್ದು ಅರ್ಥಿಂಗ್ ಗುಂಡಿಯ ಮೇಲೆ.
ದಸ್ತಗೀರ ಅದನ್ನು ಎಬ್ಬಿಸಿ, ಗೂಟ ಬಡಿದು, ವೈರು ಎಳೆದು
ಹಿಡಿಕೆ ತಿರುಗಿಸಿದ.
"ಎರಡು ಓಮ್. ಬರೀಲೇನ್ರಿ ಮೇಡಂ?"

ಗೂಳಪ್ಪನವರು ನನ್ನ ಕಡೆ ನೋಡಲಿಲ್ಲ.
ಪ್ಯಾನಲ್ ಮೇಲಿನ ಕೆಂಪು ತಲೆಬುರುಡೆಯ ಬೋರ್ಡನ್ನು
ಹೆಗಲ ಟವೆಲಿನಿಂದ ಒರೆಸುತ್ತಾ ನಿಂತಿದ್ದರು.
ಒರೆಸಿದ್ದನ್ನೇ ಒರೆಸುತ್ತಾ.

ಅನುಭವ ಬೇಕು ಎಂದು ಬರೆದವರು
ಕನ್ನ ಹಾಕಲು ಬಲ್ಲವಳೇ ಬಾಗಿಲು ಕಾಯಲಿ ಎಂದು ಬಗೆದಿದ್ದರೇ?
ಇಲ್ಲ, ಅವರು ಬರೀ ವರುಷ ಎಣಿಸಿದ್ದರು.

ಕುಕ್ಕರುಗಾಲಲ್ಲಿ ಕೂತು ಮಣ್ಣು ಹಿಚುಕಿದೆ. ಉಂಡೆಯಾಯಿತು.
ತುದಿನಾಲಿಗೆಗೆ ಮುಟ್ಟಿಸಿದೆ.
ಒಳಗೆ ಕಂಡಿಕಿ ಸುತ್ತುವ ಹುಡುಗಿ ಬರಿಗಾಲಲ್ಲಿ,
ಸಿಮೆಂಟಿನ ಮೇಲೆ ಅವಳ ಬೆವರಿನ ಹೆಜ್ಜೆ
ಮೂಡುತ್ತಾ ಆರುತ್ತಾ.
ಮೇ ತಿಂಗಳಲ್ಲಿ ಈ ಗುಂಡಿ ಆರುತ್ತದೆ. ಮಗ್ಗ ನಿಲ್ಲುವುದಿಲ್ಲ.

ಷರಾ: ನೆಲ ಒಣಗಿದ ಮೇಲೆ ಮರುಪರೀಕ್ಷೆ.
"ಮತ್ತ ಬರ್ತೀನ್ರಿ" ಅಂದೆ. "ಹೇಳದ ಬರ್ತೀನಿ."

ಗೂಳಪ್ಪನವರು ನಕ್ಕರೋ
ಬಿಸಿಲಿಗೆ ಕಣ್ಣು ಕಿರಿದು ಮಾಡಿದರೋ ತಿಳಿಯಲಿಲ್ಲ.
"ಎರಡ ಕೊಡ ಹೆಚ್ಚಾತೇನವಾ?"
ಮೇಡಂ ಅನ್ನುವುದನ್ನು ಮರೆತಿದ್ದರು.
"ನಾಯಿ ಹೇಳ್ತ್ರಿ."

ಅಷ್ಟರಲ್ಲಿ ಶೆಡ್ಡಿನೊಡತಿ ಚಂಪವ್ವ
ಬರೀ ಸಕ್ಕರೆ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು.
"ಚಾ ಮಾಡೂಣಂದ್ರ ನೀರಿಲ್ರಿ.
ಇದ್ದ ಎರಡ ಕೊಡಾನೂ ನಸುಕಿನ್ಯಾಗ ಇವ್ರ ಒಯ್ದ್ರು."